ಅಣ್ಣನಿಗೆ 112, ತಂಗಿಗೆ 107

ಪ್ರಶ್ನೆ: ಬುದ್ಧಿಮತ್ತೆ ಪರೀಕ್ಷೆಯಲ್ಲಿ ಮಗನಿಗೆ 112, ಮಗಳಿಗೆ 107 ಬಂದಿದೆ. ಹೆಣ್ಣುಮಕ್ಕಳ ತಲೆ ಲೆಕ್ಕಕ್ಕೆ ಓಡುವುದಿಲ್ಲ, ಪಿಯುಸಿಯಲ್ಲಿ ಅವಳಿಗೆ ವಿಜ್ಞಾನ ಬೇಡ ಎನ್ನುತ್ತಾರೆ ಮನೆಯವರು. ಏನು ಮಾಡಲಿ?
– ಓರ್ವ ತಾಯಿ, ನಾಪೋಕ್ಲು

ಉತ್ತರ: ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದು ಕೊಡಗಿನಲ್ಲಿ ಮಳೆ ಹಿಡಿಯುವ ಹೊತ್ತಿಗೆ ಈ ಪ್ರಶ್ನೆ ತಪ್ಪದೆ ಬರುತ್ತದೆ, ಪ್ರತಿ ಸಲವೂ ಹಿಂದೆ ಬೀಳುವುದು ಮಗಳೇ. ಒಂದೇ ಮಗುವನ್ನು ಎರಡು ಬೇರೆ ದಿನ ಪರೀಕ್ಷಿಸಿದರೂ ಐದು ಅಂಕ ಆಚೀಚೆ ಆಗುವುದುಂಟು. ಆದ್ದರಿಂದ ನಿಮ್ಮ ಮಕ್ಕಳಿಬ್ಬರ ನಡುವೆ ಆ ವರದಿ ಯಾವ ವ್ಯತ್ಯಾಸವನ್ನೂ ತೋರಿಸಿಲ್ಲ.

ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಒಟ್ಟು ಐಕ್ಯೂವನ್ನು ಕೇಳುವುದರಲ್ಲಿ ಇನ್ನೊಂದು ತೊಡಕಿದೆ. 1916ರಲ್ಲಿ ಸ್ಟ್ಯಾನ್‌ಫರ್ಡ್-ಬಿನೆ ಎಂಬ ಬುದ್ಧಿಮತ್ತೆ ಪರೀಕ್ಷೆಯನ್ನು ಪ್ರಕಟಿಸಿದ ಅಮೆರಿಕದ ಮನೋವಿಜ್ಞಾನಿ ಲೂಯಿಸ್ ಟರ್ಮನ್ ಅವರಿಗೆ ಹದಿಮೂರರವರೆಗಿನ ಹುಡುಗಿಯರೇ ತುಸು ಮುಂದೆ ಕಂಡಿದ್ದರು. 1937ರ ಪರಿಷ್ಕರಣೆಯಲ್ಲಿ, ಒಂದು ಲಿಂಗದವರಿಗೆ ತೀರ ಅನುಕೂಲವಾಗುವ ಪ್ರಶ್ನೆಗಳನ್ನು ಕೈಬಿಡಲಾಯಿತು. ತಕ್ಕಡಿಯನ್ನು ಸಮ ಮಾಡಿಟ್ಟ ಮೇಲೆ ಯಾವ ತಟ್ಟೆ ಭಾರವೆಂದು ಕೇಳಿ ಫಲವಿಲ್ಲ.

ವ್ಯತ್ಯಾಸ ಕಾಣುವುದು ಒಂದೊಂದು ಸಾಮರ್ಥ್ಯವನ್ನು ಬೇರೆಬೇರೆಯಾಗಿ ಅಳೆಯುವ ಉಪಪರೀಕ್ಷೆಗಳಲ್ಲಿ. ಆಕೃತಿಯೊಂದನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವ, 1971ರಲ್ಲಿ ಶೆಪರ್ಡ್ ಮತ್ತು ಮೆಟ್ಜ್ಲರ್ ರೂಪಿಸಿದ ಬಗೆಯ ಪರೀಕ್ಷೆಯಲ್ಲಿ ಗಂಡಸರ ಸರಾಸರಿ ಸ್ಪಷ್ಟವಾಗಿ ಹೆಚ್ಚು. ಬರವಣಿಗೆಯಲ್ಲೂ, ಚಿಹ್ನೆಗಳನ್ನು ಬೇಗ ನಕಲು ಮಾಡುವುದರಲ್ಲೂ ಹೆಂಗಸರದ್ದು ಹೆಚ್ಚು. ಇವು ಗುಂಪಿನ ಸರಾಸರಿಗಳು, ಅಭ್ಯಾಸದಿಂದ ಬದಲಾಗುವಂಥವು. ನಿಮ್ಮ ಮಗಳ ಬಗ್ಗೆ ಏನನ್ನೂ ಹೇಳುವುದಿಲ್ಲ. ಕಳೆದ ಮಳೆಗಾಲದಲ್ಲಿ ನಾನು ಪರೀಕ್ಷಿಸುತ್ತಿದ್ದ ಹುಡುಗಿಯೊಬ್ಬಳು ಕೆಂಪು-ಬಿಳಿ ಘನಗಳ ವಿನ್ಯಾಸವನ್ನು ಸರಿಯಾಗಿಯೇ ಜೋಡಿಸಿ, ಅಂಚು ಕೂದಲೆಳೆಯಷ್ಟು ವಾರೆಯಾಯಿತೆಂದು ಉಗುರಿನಿಂದ ಒತ್ತಿ ನೇರ ಮಾಡುತ್ತ ಕುಳಿತಳು. ನನ್ನ ಕೈಯ ಗಡಿಯಾರ ಓಡುತ್ತಲೇ ಇತ್ತು, ಬೇಗ ಮುಗಿಸಿದವರಿಗೆ ಸಿಗುವ ಅಂಕ ಅವಳಿಗೆ ತಪ್ಪಿತು. ಆ ಸಂಗತಿಯನ್ನು ನಾನು ವರದಿಯಲ್ಲಿ ಬರೆದೆ, ಬಹಳ ಮಂದಿ ಬರೆಯುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ನಾನು ಮೊದಲು ವಿಚಾರಿಸುವುದು ಲಿಂಗವನ್ನಲ್ಲ, ಮನೆಮಾತನ್ನು. ವಿ. ವಿ. ಕಾಮತ್ ಅವರು 1930ರ ದಶಕದಲ್ಲಿ ಬಿನೆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದರು. ಅದರ ಪದಪ್ರಶ್ನೆಗಳನ್ನು ಮನೆಯಲ್ಲಿ ಕೊಡವ ತಕ್ಕ್ ಅಥವಾ ಅರೆಭಾಷೆ ಆಡುವ ಮಗುವಿನ ಮುಂದಿಟ್ಟರೆ ಬರುವ ಅಂಕದಲ್ಲಿ ಬುದ್ಧಿಯೆಷ್ಟು, ಭಾಷೆಯೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಅಣ್ಣತಂಗಿಯರನ್ನು ಒಂದೇ ಪರೀಕ್ಷೆಯಿಂದ, ಒಂದೇ ಭಾಷೆಯಲ್ಲಿ ಅಳೆದಿದ್ದಾರೆಯೇ ಎಂದು ವರದಿಯ ಮೊದಲ ಪುಟವನ್ನು ನೋಡಿ. ಮಗಳಿಗೆ ಗಣಿತದಲ್ಲಿ ಆಸಕ್ತಿಯಿದ್ದರೆ, ಒಂಬತ್ತು ಮತ್ತು ಹತ್ತನೆಯ ತರಗತಿಯ ಅಂಕಗಳೂ ಅದನ್ನೇ ಹೇಳುತ್ತಿದ್ದರೆ, ವಿಜ್ಞಾನಕ್ಕೆ ಸೇರಿಸಿ.

ಪ್ರಶ್ನೆ: ಬೆರಳಚ್ಚಿನಿಂದ ಮಗುವಿನ ಬುದ್ಧಿಯ ಬಗೆ ತಿಳಿಯುತ್ತದಂತೆ, ಶಾಲೆಯಲ್ಲೇ ಶಿಬಿರವಿದೆ. (ಗೋಣಿಕೊಪ್ಪ)
ಉತ್ತರ: ಅದು ಸುಳ್ಳು, ಹಣ ಕೊಟ್ಟಿದ್ದರೆ ವಾಪಸು ಕೇಳಿ.

ಪ್ರಶ್ನೆ: ಗಂಡಸರ ಮಿದುಳಿನ ತೂಕ ಹೆಚ್ಚಲ್ಲವೇ? (ಸೋಮವಾರಪೇಟೆ)
ಉತ್ತರ: ಸರಾಸರಿಯಲ್ಲಿ ಹೆಚ್ಚು, ಮೈಯ ತೂಕವೂ ಹಾಗೆಯೇ.

ಪ್ರಶ್ನೆ: ವ್ಯಕ್ತಿತ್ವ ಪರೀಕ್ಷೆಯಲ್ಲಿ ಗಂಡಿಗೊಂದು, ಹೆಣ್ಣಿಗೊಂದು ಮಾನದಂಡ ಸರಿಯೇ? (ಪೊನ್ನಂಪೇಟೆ)
ಉತ್ತರ: ಚಿಕಿತ್ಸೆಗಾದರೆ ಉಪಯೋಗವಿದೆ. ಉದ್ಯೋಗದ ಆಯ್ಕೆಯಲ್ಲಿ ಹಾಗೆ ಅಂಕ ಹೊಂದಿಸುವುದನ್ನು ಅಮೆರಿಕ 1991ರಲ್ಲೇ ಕಾನೂನಿನಿಂದ ನಿಷೇಧಿಸಿತು.

ಪ್ರಶ್ನೆ: ಅಂಕ ಕಡಿಮೆ ಬಂದಿದೆ, ಮುಂದಿನ ತಿಂಗಳು ಮತ್ತೆ ಮಾಡಿಸಬಹುದೇ? (ಕುಶಾಲನಗರ)
ಉತ್ತರ: ಬೇಡ. ಘನಗಳ ಜೋಡಣೆ ಮಗುವಿಗೆ ಇನ್ನೂ ನೆನಪಿರುತ್ತದೆ, ಕನಿಷ್ಠ ಒಂದು ವರ್ಷ ಬಿಡಿ.