‘ಪರೀಕ್ಷೆಗೆ ಮಾತ್ರ ಬನ್ನಿ’ ಎನ್ನುವ ಕಾಲೇಜಿಗೆ ಸೇರಲೇ?

ಶಿವಮೊಗ್ಗ ಜಿಲ್ಲೆಯ ಖಾಸಗಿ ಆಸ್ಪತ್ರೆಯೊಂದರ ಸ್ಟಾಫ್ ನರ್ಸ್ ಒಬ್ಬರು ಬರೆದಿದ್ದಾರೆ: ‘ಪಿಯುಸಿ ಆರ್ಟ್ಸ್ ಆದಮೇಲೆ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮಾಡಿ ಐದು ವರ್ಷದಿಂದ ಕೆಲಸದಲ್ಲಿದ್ದೇನೆ. ವಯಸ್ಸು 28. ಬಿ.ಎಸ್ಸಿ. ನರ್ಸಿಂಗ್ ಮಾಡುವ ಆಸೆ. ಕೆಲಸ ಬಿಡುವುದು ಬೇಡ, ಪರೀಕ್ಷೆಗೆ ಮಾತ್ರ ಬಂದರೆ ಸಾಕು ಎಂದು ಒಬ್ಬ ಏಜೆಂಟ್ ಹೇಳುತ್ತಿದ್ದಾರೆ. ಸೇರಲೇ?’

ಸೋದರಿ, ಬಿ.ಎಸ್ಸಿ. ಮಾಡಿ. ಆದರೆ ಆ ಏಜೆಂಟರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ನೀವು ಮಾಡಬೇಕಾದದ್ದು ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್, ಅಂದರೆ ಡಿಪ್ಲೊಮಾ ಮುಗಿಸಿದ ನರ್ಸ್‌ಗಳಿಗೆಂದೇ ಇರುವ ಪದವಿ. ಪೂರ್ಣಾವಧಿ 2 ವರ್ಷ. ಪಿಯುಸಿ, ಜಿಎನ್‌ಎಂ, ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಇಷ್ಟಿದ್ದರೆ ಅರ್ಹತೆ ಬಂದಂತೆ. ಪಿಯುಸಿಯಲ್ಲಿ ಸೈನ್ಸ್ ಇಲ್ಲವೆಂದು ಅಂಜಬೇಡಿ, ಈ ಕೋರ್ಸಿಗೆ ಆರ್ಟ್ಸ್ ಅಡ್ಡಿಯಲ್ಲ. ಹೆಸರು ಮಾತ್ರ ಸರಿಯಾಗಿ ನೋಡಿಕೊಳ್ಳಿ. ‘ಪೋಸ್ಟ್ ಬೇಸಿಕ್ ಡಿಪ್ಲೊಮಾ’ ಎಂಬುದು ಬೇರೆ: ಕ್ರಿಟಿಕಲ್ ಕೇರ್, ಆಂಕಾಲಜಿಯಂಥ ಒಂದೊಂದು ವಿಭಾಗದಲ್ಲಿ 1 ವರ್ಷದ ತರಬೇತಿ. ಅದು ಒಳ್ಳೆಯದೇ, ಆದರೆ ಪದವಿಯಲ್ಲ.

ಈಗ ಏಜೆಂಟರ ಮಾತಿಗೆ ಬರೋಣ. ಇದನ್ನೇ ನಮ್ಮಲ್ಲಿ ‘ನಾನ್ ಅಟೆಂಡಿಂಗ್’ ಎನ್ನುವುದು. ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಪಠ್ಯಕ್ರಮದ ಪ್ರಕಾರ ಪರೀಕ್ಷೆಗೆ ಕೂರಲು ಥಿಯರಿ, ಪ್ರಾಕ್ಟಿಕಲ್ ಎರಡರಲ್ಲೂ ಶೇ. 80 ಹಾಜರಿ ಬೇಕು. ಪದವಿ ಕೈಗೆ ಬರುವ ಮೊದಲು ಪ್ರಾಕ್ಟಿಕಲ್ ಹಾಜರಿ ಶೇ. 100 ಆಗಿರಬೇಕು. ಹೋಗದೇ ಇದ್ದವರಿಗೆ ಇಷ್ಟು ಹಾಜರಿ ಎಲ್ಲಿಂದ ಬರುತ್ತದೆ? ಸುಳ್ಳು ಬರೆದೇ ಬರಬೇಕು. ಆ ಸುಳ್ಳು ಸಿಕ್ಕಿಬೀಳುವುದು ಪರೀಕ್ಷೆಯಲ್ಲಲ್ಲ, ಮುಂದೆ ಕೆಲಸಕ್ಕೆ ಅರ್ಜಿ ಹಾಕಿದಾಗ. ನಿಮ್ಮ ಆಸ್ಪತ್ರೆ ‘ಇವರು ಇಂಥ ಎರಡು ವರ್ಷ ನಮ್ಮಲ್ಲಿ ಪೂರ್ಣಾವಧಿ ದುಡಿದಿದ್ದಾರೆ’ ಎಂದು ಅನುಭವ ಪತ್ರ ಕೊಡುತ್ತದೆ. ಕಾಲೇಜು ‘ಅದೇ ಎರಡು ವರ್ಷ ಇವರು ನಮ್ಮ ರೆಗ್ಯುಲರ್ ವಿದ್ಯಾರ್ಥಿನಿ’ ಎನ್ನುತ್ತದೆ. ಗಲ್ಫ್ ದೇಶಗಳಿಗೆ ಹೊರಟವರ ದಾಖಲೆಗಳನ್ನು ಡೇಟಾಫ್ಲೋ ಸಂಸ್ಥೆ ಆಸ್ಪತ್ರೆಗೂ ಕಾಲೇಜಿಗೂ ಕಳಿಸಿ ಕೇಳುತ್ತದೆ. ಎರಡು ಪತ್ರಗಳ ದಿನಾಂಕ ಒಂದರ ಮೇಲೊಂದು ಬಿದ್ದಿತೆಂದರೆ ಪದವಿಯೂ ಅನುಭವವೂ ಒಟ್ಟಿಗೇ ಅನುಮಾನಕ್ಕೆ ಸಿಲುಕುತ್ತವೆ. ಐದು ವರ್ಷ ನಿಯತ್ತಾಗಿ ದುಡಿದವರಿಗೆ ಈ ಕಳಂಕ ಯಾಕೆ ಬೇಕು?

ಕೆಲಸ ಬಿಡಲು ಆಗದೇ ಇದ್ದರೆ ನೇರವಾದ ಹಾದಿ ಇಗ್ನೋದ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಪೋಸ್ಟ್ ಬೇಸಿಕ್ ಕೋರ್ಸ್. ಕನಿಷ್ಠ 3 ವರ್ಷ. ನೋಂದಣಿಯಾದ ಮೇಲೆ 2 ವರ್ಷ ಕೆಲಸ ಮಾಡಿರಬೇಕು, ಪ್ರವೇಶ ಪರೀಕ್ಷೆ ಬರೆಯಬೇಕು. ಪ್ರಾಕ್ಟಿಕಲ್‌ಗೆ ಅವರು ಹೇಳಿದ ಕೇಂದ್ರಕ್ಕೆ ಹೋಗಲೇಬೇಕು. ಆ ದಿನಗಳ ರಜೆಯ ಬಗ್ಗೆ ನರ್ಸಿಂಗ್ ಸೂಪರಿಂಟೆಂಡೆಂಟರ ಹತ್ತಿರ ಮೊದಲೇ ಮಾತಾಡಿ, ಬರವಣಿಗೆಯಲ್ಲಿ ಒಪ್ಪಿಗೆ ಪಡೆದುಕೊಳ್ಳಿ. ಆ ವರ್ಷದ ಅಧಿಸೂಚನೆ ಕಣ್ಣಾರೆ ಓದಿಯೇ ಹಣ ಕಟ್ಟಿ.

ಕಾಲೇಜಿಗೇ ಹೋಗುವುದಾದರೆ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆ ಈ ಕೋರ್ಸಿಗೇ ಇದೆಯೇ ನೋಡಿ. ನಾಲ್ಕು ವರ್ಷದ ಬಿ.ಎಸ್ಸಿ.ಗೆ ಅನುಮತಿ ಇದ್ದ ಮಾತ್ರಕ್ಕೆ ಪೋಸ್ಟ್ ಬೇಸಿಕ್‌ಗೂ ಇದೆ ಎಂದಲ್ಲ.

ಓದಿನಲ್ಲಿ ಅನುಭವಿ ಸಿಸ್ಟರ್‌ಗಳೇ ಎಡವುವ ಜಾಗ ಕೇರ್ ಪ್ಲಾನ್, ಅಂದರೆ ರೋಗಿಯ ಆರೈಕೆಯ ಲಿಖಿತ ಯೋಜನೆ. ಪಾರ್ಶ್ವವಾಯು ರೋಗಿಯ ಬಗ್ಗೆ ‘ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದೆ, ಬೆನ್ನು ಒರೆಸಿದೆ’ ಎಂದು ಬರೆದು ಮುಗಿಸುತ್ತಾರೆ. ಅದು ವಾರ್ಡಿನ ರಿಪೋರ್ಟ್ ಬುಕ್ಕಿನ ಭಾಷೆ. ಇಲ್ಲಿ ಕೇಳುವುದು ಅದರ ಹಿಂದಿನ ಯೋಚನೆ: ಬಲಗೈ, ಬಲಗಾಲು ಆಡುವುದಿಲ್ಲ, ಸೊಂಟದ ಕೆಳಗಿನ ಮೂಳೆಯ ಮೇಲೆ ಚರ್ಮ ಕೆಂಪಾಗಿದೆ, ಒತ್ತಿದರೂ ಬಿಳಿಚುವುದಿಲ್ಲ. ಅಂದರೆ ಒತ್ತಡದ ಹುಣ್ಣು ಶುರುವಾಗಿದೆ. ಗುರಿ, ಚರ್ಮ ಒಡೆಯದಂತೆ ಕಾಯುವುದು. ಅದಕ್ಕೆ ಏನೇನು ಮಾಡಿದಿರಿ, ಯಾಕೆ ಮಾಡಿದಿರಿ, ಮಾರನೆಯ ದಿನ ಆ ಕೆಂಪು ಹಿಗ್ಗಿತೋ ಕುಗ್ಗಿತೋ? ನಿಮ್ಮ ಕೈ ದಿನಾ ಮಾಡುವ ಕೆಲಸವೇ ಇದು, ಅದಕ್ಕೆ ಕಾರಣ ಬರೆಯುವುದನ್ನು ರೂಢಿಸಿಕೊಳ್ಳಬೇಕು ಅಷ್ಟೆ. ಎರಡನೇ ವರ್ಷದ ಸಂಶೋಧನೆ ಮತ್ತು ಸಂಖ್ಯಾಶಾಸ್ತ್ರಕ್ಕೆ ಆರ್ಟ್ಸ್ ಓದಿದವರು ಹೆದರುತ್ತಾರೆ. ಸರಾಸರಿ, ಮಧ್ಯಾಂಕ, ಪ್ರಮಾಣಿತ ವಿಚಲನೆಯ ಲೆಕ್ಕಗಳನ್ನು ಈಗಿನಿಂದಲೇ ಕೈಯಲ್ಲಿ ಬಿಡಿಸಿ ಅಭ್ಯಾಸ ಮಾಡಿ. ಥಿಯರಿಯಲ್ಲೂ ಪ್ರಾಕ್ಟಿಕಲ್‌ನಲ್ಲೂ ಬೇರೆಬೇರೆಯಾಗಿ ಶೇ. 50 ಬರಬೇಕು.

ಪದವಿಗೆ ಕಾಯದೆ ಇನ್ನೊಂದು ಕೆಲಸ ಮಾಡಿ. ಏಮ್ಸ್‌ನ ನಾರ್ಸೆಟ್ (ನರ್ಸಿಂಗ್ ಆಫೀಸರ್ ನೇಮಕಾತಿ) ಪರೀಕ್ಷೆಗೆ ಜಿಎನ್‌ಎಂ ಆದವರೂ ಕೂರಬಹುದು, ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ 2 ವರ್ಷದ ಅನುಭವ ಇರಬೇಕು. ವಯೋಮಿತಿ 30, ಮೀಸಲಾತಿ ಇರುವವರಿಗೆ ಸಡಿಲಿಕೆ ಉಂಟು. ಪದವಿ ಮುಗಿಸುವ ಹೊತ್ತಿಗೆ ನೀವು ಆ ಗೆರೆಯ ಹತ್ತಿರ ಇರುತ್ತೀರಿ, ಇಲ್ಲವೇ ದಾಟಿರುತ್ತೀರಿ, ಹಾಗಾಗಿ ಈಗಲೇ ಬರೆಯಲು ಶುರುಮಾಡಿ. ಎಂ.ಎಸ್ಸಿ. ನರ್ಸಿಂಗ್ ಮನಸ್ಸಿನಲ್ಲಿದ್ದರೆ ಪದವಿಯಲ್ಲಿ ಒಟ್ಟು ಶೇ. 55 ಬೇಕೆಂಬುದು ನೆನಪಿರಲಿ.

ಅರ್ಜಿ ಹಾಕುವ ಮುನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಜಿಎನ್‌ಎಂ ಪ್ರಮಾಣಪತ್ರ, ನೋಂದಣಿ ಪತ್ರ, ಆಧಾರ್ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ಇನಿಶಿಯಲ್, ಇನ್ನೊಂದರಲ್ಲಿ ಅಪ್ಪನ ಪೂರ್ತಿ ಹೆಸರು, ಮತ್ತೊಂದರಲ್ಲಿ ಗಂಡನ ಹೆಸರು ಇದ್ದರೆ ಈಗಲೇ ಸರಿಪಡಿಸಿಕೊಳ್ಳಿ. ನೋಂದಣಿ ನವೀಕರಣ ಬಾಕಿಯಿದ್ದರೆ ಅದೂ ಮುಗಿಯಲಿ. ಪದವಿ ಬಂದ ಮೇಲೆ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಅದನ್ನು ಹೆಚ್ಚುವರಿ ವಿದ್ಯಾರ್ಹತೆ ಎಂದು ಸೇರಿಸಿಕೊಳ್ಳಿ. ಸೇರಿಸದೆ ಬಿಟ್ಟರೆ ಕೌನ್ಸಿಲ್ ಪುಸ್ತಕದಲ್ಲಿ ನೀವು ಇನ್ನೂ ಜಿಎನ್‌ಎಂ ಆಗಿಯೇ ಇರುತ್ತೀರಿ.

— ಸಂಪಾದಕ