ಬೆಕ್ಕಿಗೆ ಬುದ್ಧಿ ಕಲಿಸುವುದು ಬಿಡಿ, ಬಾಕ್ಸ್ ಯಾವುದರಲ್ಲಿ ತೊಳೀತೀರಿ ಅದನ್ನು ಹೇಳಿ

ಮನೆ ಬದಲಾಯಿಸಿದ ಮೇಲೆ ನಿಮ್ಮ ನಾಲ್ಕು ವರ್ಷದ ಗಂಡು ಬೆಕ್ಕು ಹಾಸಿಗೆ ಮೇಲೆ ಉಚ್ಚೆ ಮಾಡ್ತಿದೆ, ಲಿಟರ್ ಬಾಕ್ಸ್ (ಅದರ ಪಾಯಿಖಾನೆ ಡಬ್ಬಿ) ದಿನಾ ಚೆನ್ನಾಗಿ ತೊಳೆದಿಟ್ಟರೂ ಅತ್ತ ಹೋಗಲ್ಲ, ಸೇಡು ತೀರಿಸ್ತಿದೆ ಅನ್ಸುತ್ತೆ, ಮೂತಿ ಹಿಡಿದು ಉಜ್ಜಿದರೆ ಬುದ್ಧಿ ಬರುತ್ತಾ ಅಂತ ಕೇಳಿದ್ದೀರಿ. ಬರಲ್ಲ. ಆದರೆ ನನ್ನ ಕಣ್ಣು ನಿಂತಿದ್ದು 'ದಿನಾ ಚೆನ್ನಾಗಿ ತೊಳೆದಿಟ್ಟರೂ' ಅನ್ನೋ ಮಾತಿನ ಮೇಲೆ. ಯಾವುದರಲ್ಲಿ ತೊಳೀತೀರಿ? ಫಿನಾಯಿಲ್ ಅಂತಾದರೆ ಇದು ಅಕ್ಷರಶಃ ನನ್ನ ಕತೆ.

2021ರಲ್ಲಿ ನಾವು ಶಿವಮೊಗ್ಗದಿಂದ ಬೆಂಗಳೂರಿಗೆ ಬಂದೆವು. ನಮ್ಮ ಬೆಕ್ಕು ಕೆಂಚನಿಗೆ ಆಗ ಮೂರು ವರ್ಷ, ಮರಿ ಆಗದ ಹಾಗೆ ಆಪರೇಷನ್ ಆಗಿತ್ತು. ಅಲ್ಲಿ ಹಿತ್ತಲ ಜಗಲಿಯಲ್ಲಿ ಗಾರೆ ಕೆಲಸದ ಬಾಂಡ್ಲಿಗೆ ಮರಳು ತುಂಬಿ ಇಟ್ಟಿದ್ದೆವು, ಅದೇ ಅವನ ಪಾಯಿಖಾನೆ. ಮೂರು ವರ್ಷದಲ್ಲಿ ಒಂದು ದಿನವೂ ತಪ್ಪಿಸಿದವನಲ್ಲ. ಬೆಂಗಳೂರಿನದ್ದು ಎರಡನೇ ಮಹಡಿಯ ಬಾಡಿಗೆ ಮನೆ, ಕೆಳಗೆ ಓನರ್. ಬೆಕ್ಕು ಇದೆ ಅಂದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ವಾಸನೆ ಬರಬಾರದು ನೋಡಿ" ಅಂದರು. ಆ ಒಂದು ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಹೊಸ ಬಾಕ್ಸ್ ತಂದೆ. ಮೇಲೆ ಮುಚ್ಚಳ, ಮುಂದೆ ಪುಟ್ಟ ಬಾಗಿಲು, ನೋಡಲು ಚೆಂದ. ಅದಕ್ಕೆ ತುಂಬಲು ಮರಳಿನ ಬದಲು ಲ್ಯಾವೆಂಡರ್ ವಾಸನೆಯ ಲಿಟರ್ ತಂದೆ. (ಲಿಟರ್ ತರಬೇಕು ಅಂದರೆ ನಮ್ಮಮ್ಮ "ಎಷ್ಟು ಲೀಟರೋ" ಅಂತ ಕೇಳಿದ್ದಳು.) ಬಾತ್‌ರೂಮಿನ ಮೂಲೆಯಲ್ಲಿಟ್ಟು, ದಿನಾ ಬೆಳಗ್ಗೆ ಅರ್ಧ ಮುಚ್ಚಳ ಫಿನಾಯಿಲ್ ಹಾಕಿ ಬಾಕ್ಸ್ ತಿಕ್ಕಿ ತೊಳೆಯುತ್ತಿದ್ದೆ. ಮನೆಗೆ ಯಾರೇ ಬಂದರೂ ಬೆಕ್ಕಿರುವುದೇ ಗೊತ್ತಾಗುತ್ತಿರಲಿಲ್ಲ. ಒಳಗೊಳಗೇ ಹೆಮ್ಮೆ.

ಐದನೇ ದಿನ ಒಗೆದು ಮಡಚಿಟ್ಟ ಬಟ್ಟೆ ಮೇಲೆ ಉಚ್ಚೆ. ಆಮೇಲೆ ಕಾಲೊರಸು. ಆಮೇಲೆ ಹಾಸಿಗೆ. ನನಗೆ ಹೊಳೆದ ಉಪಾಯ ಒಂದೇ, ಬಾಕ್ಸನ್ನು ಇನ್ನೂ ಚೆನ್ನಾಗಿ ತೊಳೆಯೋದು. ಅರ್ಧ ಮುಚ್ಚಳ ಇದ್ದದ್ದು ಒಂದು ಮುಚ್ಚಳ ಆಯ್ತು. ಹಾಸಿಗೆ ಒದ್ದೆಯಾದ ಜಾಗವನ್ನೂ ಅದರಲ್ಲೇ ಒರೆಸಿದೆ. ಒಂದು ದಿನ ಸಿಟ್ಟು ತಡೆಯದೆ ಜೋರಾಗಿ ಕಿರುಚಿಬಿಟ್ಟೆ. ಅವತ್ತಿನಿಂದ ಅವನು ಕಲಿತದ್ದು ಒಂದೇ ಪಾಠ: ಇವನ ಕಣ್ಣೆದುರು ಮಾಡಬಾರದು. ಮಂಚದ ಕೆಳಗೆ, ಗೋಡೆಗೆ ಅಂಟಿದ ಮೂಲೆಯಲ್ಲಿ ಶುರುಮಾಡಿದ. ಅದು ನನಗೆ ಗೊತ್ತಾಗುವಾಗ ನಾಲ್ಕು ದಿನ ಆಗಿತ್ತು. ಮೂತಿ ಉಜ್ಜಿದರೆ ನಿಮಗೂ ಸಿಗೋದು ಇಷ್ಟೇ.

ಆ ವಾರ ಅಮ್ಮ ಸಾಗರದಿಂದ ಬಂದಿದ್ದಳು. ಬೆಳಗ್ಗೆ ಕಾಫಿ ಲೋಟ ಹಿಡಿದು ಬಾತ್‌ರೂಮಿನ ಎದುರು ಕುರ್ಚಿ ಹಾಕಿಕೊಂಡು ಕೂತು ಕೆಂಚನನ್ನೇ ನೋಡುತ್ತಿದ್ದಳು. ನಾನೂ ನೋಡಿದೆ. ಅವನು ಬಾಕ್ಸ್ ಹತ್ತಿರ ಬಂದ. ಮುಂದಿನ ಬಲಗಾಲು ಎತ್ತಿ ಅಂಚಿನ ಮೇಲಿಟ್ಟ. ಮೂಗು ಒಳಗೆ ಹಾಕಿದವನೇ ಹಿಂದಕ್ಕೆ ಸರಿದ, ನೀರು ತುಳಿದವನ ಹಾಗೆ ಕಾಲು ಎರಡು ಸಲ ಕೊಡವಿದ, ತಿರುಗಿ ಬಟ್ಟೆ ಬುಟ್ಟಿಯನ್ನೇ ನೋಡುತ್ತಾ ಕೂತ. ಅಮ್ಮ ಅಂದಳು: "ಅದೇನು ಮೂಗು ಮುಚ್ಕೊಂಡು ಹೋಗಕ್ಕಾಗುತ್ತೇನೋ ಮಾರಾಯ? ನಮ್ಮನೆ ಬೆಕ್ಕೆಲ್ಲ ಬಚ್ಚಲೊಲೆ ಬೂದಿಗೇ ಹೋಗ್ತಿದ್ವು. ಬೂದಿಗೆ ಯಾರು ಫಿನಾಯಿಲ್ ಹಾಕಿದ್ರು?"

ನಾನು ನಕ್ಕುಬಿಟ್ಟೆ. ಇನ್ನೊಂದು ವಾರ ಫಿನಾಯಿಲ್ ಮುಂದುವರಿಸಿದೆ. ಕೊನೆಗೆ ಡಾಕ್ಟರ ಹತ್ತಿರ ಹೋದಾಗ ಅವರು ಉಚ್ಚೆ ಪರೀಕ್ಷೆ ಮಾಡಿದರು, ಅದರಲ್ಲಿ ಏನೂ ಇರಲಿಲ್ಲ. ಆಮೇಲೆ ಪಾದ ತಿರುಗಿಸಿ ನೋಡಿದರು, ಮೆತ್ತೆಗಳು ಕೆಂಪಾಗಿದ್ದವು. "ನೆಲ ಯಾವುದರಲ್ಲಿ ಒರೆಸ್ತೀರಿ?" ಅಮ್ಮ ಪುಕ್ಕಟೆ ಹೇಳಿದ್ದನ್ನೇ ಇವರು ಫೀಸು ತೆಗೆದುಕೊಂಡು ಹೇಳಿದರು.

ನನ್ನ ತಪ್ಪು ಏನಾಗಿತ್ತು ಅನ್ನೋದನ್ನು ಸ್ವಲ್ಪ ಎಳೆದೇ ಹೇಳ್ತೀನಿ, ಯಾಕೆಂದರೆ ಇದನ್ನು ನಾವೆಲ್ಲ ಮಾಡ್ತೀವಿ. ನಮಗೆ ಫಿನಾಯಿಲ್ ವಾಸನೆ ಅಂದರೇನೇ ಶುಚಿ. ಆಸ್ಪತ್ರೆ, ಸ್ಕೂಲು, ಮದುವೆ ಛತ್ರ, ಎಲ್ಲ ಕಡೆ ಆ ವಾಸನೆ ಬಂದರೆ ಮನಸ್ಸಿಗೆ ಸಮಾಧಾನ. ಬೆಕ್ಕಿನ ಮೂಗು ನಮ್ಮದಕ್ಕಿಂತ ಎಷ್ಟೋ ಪಟ್ಟು ಚುರುಕು, ಅದಕ್ಕೆ ಅದು ಕಣ್ಣಿಗೆ ಖಾರದಪುಡಿ ಎರಚಿದ ಹಾಗೆ. ಬಾಕ್ಸ್ ಪ್ಲಾಸ್ಟಿಕ್ಕಿನದು, ಉಗುರಲ್ಲಿ ಕೆರೆದ ಗೀರುಗಳ ಒಳಗೆ ವಾಸನೆ ಕೂತುಬಿಡುತ್ತೆ, ನಾಲ್ಕು ಚೊಂಬು ನೀರು ಹೊಯ್ದರೂ ಹೋಗಲ್ಲ. ಅದಕ್ಕೊಂದು ಮುಚ್ಚಳ ಬೇರೆ ಹಾಕಿದ್ದೆ, ವಾಸನೆ ಹೊರಗೆ ಬರದೆ ಒಳಗೇ ತುಂಬಿಕೊಳ್ಳಲಿ ಅಂತ! ಇನ್ನು ಹಾಸಿಗೆ. ಒಣಗಿದ ಉಚ್ಚೆಯಲ್ಲಿರುವ ಯೂರಿಕ್ ಆಮ್ಲ ಫಿನಾಯಿಲ್‌ಗೆ ಜಗ್ಗಲ್ಲ. ನಮ್ಮ ಮೂಗಿಗೆ ಮುಚ್ಚಿಹೋಗುತ್ತೆ ಅಷ್ಟೇ, ಮೋಡ ಮುಚ್ಚಿದ ದಿನ ಮತ್ತೆ ಘಂ ಅನ್ನುತ್ತೆ, ಬೆಕ್ಕಿಗಂತೂ ದಿನಾ ಗೊತ್ತಾಗುತ್ತೆ. ಅಂದರೆ ಅವನ ಲೆಕ್ಕದಲ್ಲಿ ಬಾಕ್ಸಿಗೆ 'ಪ್ರವೇಶವಿಲ್ಲ' ಅಂತ ಬೋರ್ಡು, ಹಾಸಿಗೆಗೆ 'ಇದೇ ಶೌಚಾಲಯ' ಅಂತ ಬೋರ್ಡು. ಎರಡನ್ನೂ ತಗಲಿಸಿದವನು ನಾನೇ. ತೊಳೆದಷ್ಟೂ ಜಾಸ್ತಿ ಆಗ್ತಿದ್ದದ್ದು ಅದಕ್ಕೇ.

ವಾಸನೆ ಒಂದೇ ಅಲ್ಲ. ಕಪ್ಪು ಫಿನಾಯಿಲ್‌ನಲ್ಲಿರುವ ಫೀನಾಲ್ ಜಾತಿಯ ರಾಸಾಯನಿಕವನ್ನು ಸರಿಯಾಗಿ ಅರಗಿಸಿ ಹೊರಹಾಕುವ ತಾಕತ್ತು ಬೆಕ್ಕಿನ ಲಿವರ್‌ಗೆ ಇಲ್ಲ. ನೆಲದ ಮೇಲೆ ನಡೆಯುತ್ತೆ, ಪಾದ ನೆಕ್ಕುತ್ತೆ, ಹೊಟ್ಟೆಗೆ ಹೋಗುತ್ತೆ. ಬಿಳಿಯದರಲ್ಲಿ ಸಾಮಾನ್ಯವಾಗಿ ಪೈನ್ ಎಣ್ಣೆ ಇರುತ್ತೆ, ಅದೂ ಒಳ್ಳೆಯದಲ್ಲ. ನೀರಿಗೆ ಬಿದ್ದ ಕೂಡಲೇ ಹಾಲಿನ ಹಾಗಾಗುವ ಯಾವ ಲಿಕ್ವಿಡ್ಡೂ ಬೆಕ್ಕಿರುವ ಮನೆಗೆ ಬೇಡ ಅಂತ ಇಟ್ಟುಕೊಳ್ಳಿ.

ಆಮೇಲೆ ಮಾಡಿದ್ದು ಹೇಳ್ತೀನಿ. ಆ ಬಾಕ್ಸ್ ಎಸೆದೆ. ಪಾತ್ರೆ ಅಂಗಡಿಯಲ್ಲಿ ತಗ್ಗಾದ, ಅಗಲವಾದ ಎರಡು ಟಬ್ ತಂದೆ, ಬೆಕ್ಕಿನ ಉದ್ದದ ಒಂದೂವರೆಪಟ್ಟು ಇರಬೇಕು ಅನ್ನೋದು ಲೆಕ್ಕ. ಒಂದೇ ಬೆಕ್ಕಿದ್ದರೂ ಎರಡು ಬೇಕು, ಅದೂ ಬೇರೆಬೇರೆ ಜಾಗದಲ್ಲಿ. ಊಟದ ಬಟ್ಟಲ ಪಕ್ಕ ಬೇಡ, ವಾಷಿಂಗ್ ಮಷೀನ್ ಪಕ್ಕವೂ ಬೇಡ. ಯಾವ ವಾಸನೆಯೂ ಇಲ್ಲದ, ಸಣ್ಣ ಕಾಳಿನ ಬೆಂಟೊನೈಟ್ (ಒಂದು ಬಗೆಯ ಜೇಡಿಮಣ್ಣು) ಲಿಟರ್ ಎರಡು ಇಂಚು ತುಂಬಿದೆ. ಕೈಯಲ್ಲಿ ಹಿಡಿದು ನೋಡಿದರೆ ಹೆಚ್ಚುಕಮ್ಮಿ ನಮ್ಮ ಶಿವಮೊಗ್ಗದ ಮರಳಿನ ಹಾಗೇ. ದಿನಕ್ಕೆರಡು ಸಲ ಉಂಡೆಗಟ್ಟಿದ್ದನ್ನೂ ಹೇಲನ್ನೂ ತೆಗೆಯೋದು, ಹದಿನೈದು ದಿನಕ್ಕೊಮ್ಮೆ ಬಿಸಿನೀರು ಮತ್ತು ಒಂದು ತೊಟ್ಟು ಪಾತ್ರೆ ತೊಳೆಯುವ ಸೋಪು. ಅಷ್ಟೇ.

ಒಂದು ಟಬ್ಬನ್ನು ಅವನು ಆರಿಸಿಕೊಂಡಿದ್ದ ಮಂಚದ ಪಕ್ಕದ ಮೂಲೆಯಲ್ಲೇ ಇಟ್ಟೆ. ಹೆಂಡತಿ ಮುಖ ಸಿಂಡರಿಸಿದಳು, ಸಹಜ. ಮೊದಲ ರಾತ್ರಿಯೇ ಕೆರೆಯುವ ಸದ್ದು ಕೇಳಿ ಇಬ್ಬರೂ ಎದ್ದು ಕತ್ತಲಲ್ಲಿ ಉಸಿರು ಬಿಗಿಹಿಡಿದು ಕೂತಿದ್ದೆವು. ಎರಡು ವಾರ ಒಂದೂ ತಪ್ಪಲಿಲ್ಲ. ಆಮೇಲೆ ಟಬ್ಬನ್ನು ದಿನಕ್ಕೊಂದು ಗೇಣು ಬಾಗಿಲ ಕಡೆ ಸರಿಸುತ್ತಾ ಬಾಲ್ಕನಿಗೆ ಮುಟ್ಟಿಸಿದೆ. ಒಮ್ಮೆ ಅವಸರಪಟ್ಟು ಒಂದು ಮಾರು ಸರಿಸಿದ್ದಕ್ಕೆ ಮಾರನೇ ದಿನವೇ ಕಾಲೊರಸು ಒದ್ದೆ. ಹಾಳಾದ ಜಾಗಕ್ಕೆಲ್ಲ ಉಚ್ಚೆಯ ಕಲೆ ಒಡೆಯುವ ಎಂಜೈಮ್ ಇರುವ ಕ್ಲೀನರ್ ಹಾಕಿ, ಒರೆಸದೆ ಚೆನ್ನಾಗಿ ನೆನೆಯಲು ಬಿಟ್ಟೆ. ನೆಲ ಸರಿಯಾಯ್ತು. ಹಾಸಿಗೆ ತೆಂಗಿನ ನಾರಿನದು, ಉಳಿಯಲಿಲ್ಲ, ಹನ್ನೊಂದು ಸಾವಿರ ಹೋಯ್ತು.

ಸೇಡು ಅನ್ನೋದನ್ನು ಮಾತ್ರ ತಲೆಯಿಂದ ತೆಗೆದುಹಾಕಿ. ಬೆಕ್ಕಿಗೆ ಅಷ್ಟೆಲ್ಲ ಪುರುಸೊತ್ತಿಲ್ಲ. ನಿಂತುಕೊಂಡು, ಬಾಲ ನಡುಗಿಸುತ್ತಾ ಗೋಡೆಗೆ ಚಿಮ್ಮಿಸೋದಾದರೆ ಅದು ಗಡಿ ಗುರುತು, ಬೇರೆ ವಿಷಯ. ನಿಮ್ಮದು ಹಾಸಿಗೆ ಮೇಲೆ ಅಂದಿದ್ದೀರಿ, ಬಹುಶಃ ಅದಲ್ಲ.

ಒಂದೇ ಅವಸರದ ಮಾತು. ನಾನು ತಡ ಮಾಡಿದ ಹಾಗೆ ಮಾಡದೆ ನೀವು ಮೊದಲು ಡಾಕ್ಟರಿಗೆ ತೋರಿಸಿ. ಕಲ್ಲೋ ಉರಿಯೂತವೋ ಇದ್ದರೆ ನಾನು ಹೇಳಿದ ಯಾವ ಟಬ್ಬೂ ಉಪಯೋಗಕ್ಕೆ ಬರಲ್ಲ. ಗಂಡು ಬೆಕ್ಕು ಮತ್ತೆಮತ್ತೆ ಕೂತು ತಿಣುಕಿ ಒಂದು ಹನಿಯೂ ಬರದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯೇ ಎತ್ತಿಕೊಂಡು ಹೋಗಿ. ಮೂತ್ರನಾಳ ಕಟ್ಟಿಕೊಂಡಿದ್ದರೆ ಒಂದೆರಡು ದಿನದಲ್ಲಿ ಜೀವವೇ ಹೋಗಬಹುದು.

ನಮ್ಮಲ್ಲಿ ಈಗ ನೆಲ ಒರೆಸೋದು ಬರೀ ಬಿಸಿನೀರಲ್ಲಿ. ಕೆಲಸಕ್ಕೆ ಬರುವ ಅಕ್ಕ ಮಾತ್ರ ಇನ್ನೂ ಒಪ್ಪಿಲ್ಲ. ತಿಂಗಳಿಗೊಂದು ಸಲ ಖಾಲಿ ಬಾಟಲಿ ಎತ್ತಿ ಹಿಡಿದು ಕೇಳ್ತಾರೆ, "ಫಿನಾಯಿಲ್ ತರಿಸಲ್ವಾ ಸಾರ್?"