ನೀಲಿ ಕೋಟಿನ ಯುವಕ ಯಾರು?

ಪ್ರಶ್ನೆ: ಪೆನ್ಸಿಲ್ವೇನಿಯಾದಲ್ಲಿ ಒಂದು ಹಳೆ ಮನೆಯ ಸಾಮಾನು ಹರಾಜಿಗಿಟ್ಟಿದ್ದರು. ಅಲ್ಲಿ ಎರಡು ಇಂಚೂ ಇಲ್ಲದ ಅಂಡಾಕಾರದ ಭಾವಚಿತ್ರವೊಂದನ್ನು ಕೊಂಡೆ. ನೀಲಿ ಕೋಟಿನ ಯುವಕ. ಅಂಚಿನಲ್ಲಿ ‘ಐ.ಪಿ. 1795’ ಎಂದಿದೆ. ಹಿಂಬದಿಯಲ್ಲಿ ಗಾಜಿನಡಿ ಹೆಣೆದ ಕೂದಲು. ಮುಂದಿನ ಗಾಜು ಮಂಜಾಗಿದೆ, ತೆಗೆದು ಒರೆಸಲೇ? ಚಿತ್ರ ಅಸಲಿಯೇ?

ಉತ್ತರ: ದಯವಿಟ್ಟು ಬಿಚ್ಚಬೇಡಿ. ನಾನು ಕೊಂಡ ಮೊದಲ ಚಿತ್ರ ಬಿಳಿ ಟೊಪ್ಪಿಯ ಹೆಂಗಸಿನದು. ಒದ್ದೆ ಹತ್ತಿಯಿಂದ ಒಮ್ಮೆ, ಒಮ್ಮೆ ಮಾತ್ರ, ಸವರಿದೆ. ಎಡಗೆನ್ನೆ ಹತ್ತಿಗೆ ಬಂತು. ಆ ಚಿತ್ರ ಇಂದಿಗೂ ನನ್ನ ಡ್ರಾಯರಿನಲ್ಲಿದೆ, ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಇಂಥ ಚಿತ್ರಗಳನ್ನು ಬರೆಯುತ್ತಿದ್ದುದು ಆನೆದಂತದ ತೆಳುಹಾಳೆಯ ಮೇಲೆ. ದಂತ ಕಾಗದದಂತೆ ಬಣ್ಣ ಹೀರುವುದಿಲ್ಲ. ಗೋಂದು ಬೆರೆತ ಜಲವರ್ಣ ಅದರ ಮೇಲೆ ಸುಮ್ಮನೆ ಕೂತಿರುತ್ತದೆ. ಮಂಜು ಗಾಜಿನದೇ ರೋಗವಿರಬಹುದು: ಕೆಲವು ಹಳೆ ಗಾಜು ಬೆವರುತ್ತವೆ, ಆ ಕ್ಷಾರ ಬಣ್ಣವನ್ನೂ ಕೆಡಿಸುತ್ತದೆ. ಇಂಥ ಪುಟ್ಟ ಭಾವಚಿತ್ರಗಳನ್ನೇ ದುರಸ್ತಿ ಮಾಡುವ ಸಂರಕ್ಷಕರಿಗೆ ಕೊಡಿ. ಅಲ್ಲಿಯವರೆಗೆ ಬಿಸಿಲಿಗೂ ಹೀಟರಿಗೂ ದೂರವಿಡಿ. ಒಣಹವೆಗೆ ದಂತದ ತೆಳುಹಾಳೆ ಸೊಟ್ಟಗಾಗಿ ಸೀಳುತ್ತದೆ.

‘ಐ.ಪಿ.’ ನೋಡಿ ನನಗೂ ಎದೆ ಹೊಡೆದುಕೊಂಡಿತು. ಫಿಲಡೆಲ್ಫಿಯಾದ ಚಿತ್ರಕಾರ ಜೇಮ್ಸ್ ಪೀಲ್ ‘ಜೆ’ ಬದಲು ‘ಐ’ ಬರೆದು ಹೀಗೇ ಸಹಿ ಮಾಡುತ್ತಿದ್ದ. ಅಣ್ಣ ಚಾರ್ಲ್ಸ್ ವಿಲ್ಸನ್ ಪೀಲ್ 1786ರಲ್ಲಿ ಪುಟ್ಟ ಭಾವಚಿತ್ರಗಳ ಕೆಲಸವನ್ನು ಇವನಿಗೇ ಬಿಟ್ಟುಕೊಟ್ಟಿದ್ದ. ಅಳತೆಯೂ ಕಾಲಕ್ಕೆ ಹೊಂದುತ್ತದೆ. ಆದರೆ ಎರಡಕ್ಷರ ಸೇರಿಸುವುದು ಯಾರಿಗೂ ಕಷ್ಟವಲ್ಲ, ಹಾಗಾಗಿ ಮುಖವನ್ನು ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ನೋಡಿ. ಕುಂಚದ ಕೂದಲೆಳೆಯಂಥ ಗೀರುಗಳು ಕಾಣಬೇಕು. ಒಂದೇ ಅಂತರದ ಚುಕ್ಕೆಗಳ ಜಾಲ ಕಂಡರೆ ಅದು ಅಚ್ಚು. ಬಣ್ಣದಡಿಯ ಹಾಳೆಯಲ್ಲಿ ಗೆರೆ ಹಾಕಿದಷ್ಟು ನೇರ ಪಟ್ಟೆಗಳಿದ್ದರೆ ಅದು ದಂತವಲ್ಲ, ದಂತದಂತೆ ಕಾಣುವ ಪ್ಲಾಸ್ಟಿಕ್, ಅಂದರೆ ಸೆಲ್ಯುಲಾಯ್ಡ್ ಇರಬಹುದು. ಆ ವಸ್ತು ಬಂದದ್ದೇ 1870ರ ಸುಮಾರಿಗೆ.

ಇಷ್ಟಾದರೂ ನನ್ನ ಮನಸ್ಸು ನಿಂತಿರುವುದು ಹಿಂಬದಿಯ ಕೂದಲಿನ ಮೇಲೆ. ಸಾಮಾನ್ಯವಾಗಿ ಅದು ಚಿತ್ರದಲ್ಲಿರುವವರದೇ; ಊರು ಬಿಟ್ಟವರ, ತೀರಿಕೊಂಡವರ ನೆನಪಿಗೆ ಮನೆಯವರು ಮೈಮೇಲೆ ಧರಿಸುತ್ತಿದ್ದರು. ಕಲಾವಿದನ ಹೆಸರನ್ನು ಇನ್ನು ಹತ್ತು ವರ್ಷ ಬಿಟ್ಟು ಯಾರಾದರೂ ಹೇಳಿಯಾರು. ಆ ಯುವಕನ ಹೆಸರು ಗೊತ್ತಿರುವುದು ಆ ಮನೆಯವರಿಗೆ ಮಾತ್ರ. ಸಾಮಾನು ಚದುರುವ ಮೊದಲೇ, ಈ ವಾರವೇ, ಹರಾಜು ನಡೆಸಿದವರ ಮೂಲಕ ಕೇಳಿ. ಬೈಬಲ್ಲಿನ ಮೊದಲ ಪುಟದಲ್ಲಿ ವಂಶಾವಳಿ ಬರೆದಿಡುವ ರೂಢಿ ಅಲ್ಲಿತ್ತು, ಅದರ ಫೋಟೋ ಸಿಕ್ಕರೂ ಸಾಕು. ಉತ್ತರವನ್ನು ಬೇರೆ ಹಾಳೆಯಲ್ಲಿ ಬರೆದಿಡಿ, ಚೌಕಟ್ಟಿಗೆ ಅಂಟಿಸಬೇಡಿ.

ಪ್ರಶ್ನೆ: ನ್ಯೂಜೆರ್ಸಿಯಲ್ಲಿದ್ದೇನೆ. ಇಂಥ ದಂತದ ಚಿತ್ರ ಮಾರಬಹುದೇ?

ಉತ್ತರ: ನೂರು ವರ್ಷ ದಾಟಿದ್ದಕ್ಕೆ ದಾಖಲೆಯಿದ್ದರೆ ಅಮೆರಿಕ ಒಕ್ಕೂಟದ ಕಾನೂನಿನಲ್ಲಿ ವಿನಾಯಿತಿಗೆ ದಾರಿಯಿದೆ. ಆದರೆ ನಿಮ್ಮ ರಾಜ್ಯಕ್ಕೆ, ನ್ಯೂಯಾರ್ಕ್ ಮತ್ತು ಕ್ಯಾಲಿಫೋರ್ನಿಯಾಕ್ಕೆ ಇರುವಂತೆ, ಇನ್ನೂ ಬಿಗಿಯಾದ ಸ್ವಂತ ಕಾನೂನಿದೆ. ವಕೀಲರನ್ನು ಕೇಳದೆ ಜಾಹೀರಾತು ಕೂಡ ಹಾಕಬೇಡಿ.